ಬಾವಿಗೆ ಇಟ್ಟ ಹಸಿರು ಬಳೆ

ಹಲಸೂರಿನ ನಮ್ಮ ಓಣಿಯ ಹಳೆಯ ಬಾವಿಗೆ ಕೊಳೆತ ಹಲಗೆ ಹೊದಿಸಿ ಕೈತೊಳೆದುಕೊಂಡ ಅಧಿಕಾರಿಗಳೇ, ತಪ್ಪು ನಿಮ್ಮದು. ಇಂದಿಗೂ ಒದ್ದೆ ಮರದ ವಾಸನೆ ಬಂದರೆ ನಾನು ದಾರಿ ಬದಲಿಸುತ್ತೇನೆ.

ನಾನು ಚಿಕ್ಕವಳಿದ್ದಾಗ ಒಂದು ಮಧ್ಯಾಹ್ನ, ತಮ್ಮನ ಜ್ವರ ಇಳಿಯಲೆಂದು ಅವ್ವ ಮತ್ತು ನಾನು ಆ ಬಾವಿಯ ದೇವತೆ ಗಂಗವ್ವನಿಗೆ ಹಸಿರು ಬಳೆ ಇಡಲು ಹೋಗಿದ್ದೆವು. "ಬಳಿ ಇಟ್ಟ ಮ್ಯಾಲ ಹಿಂದ ತಿರುಗಿ ನೋಡಬ್ಯಾಡ, ಹರಕಿ ಮುಟ್ಟಂಗಿಲ್ಲ," ಎಂದಿದ್ದಳು ಅವ್ವ. ನನ್ನ ಬಳೆ ಇಟ್ಟು ಮುಂದೆ ನಡೆದೆ. ಬೆನ್ನ ಹಿಂದೆ ಹಲಗೆ ಲಟಕ್ಕನೆ ಮುರಿಯಿತು, ಅವ್ವ ಚೀರಿದಳು. ತಿರುಗಿದರೆ ತಮ್ಮ ಸಾಯುತ್ತಾನೆಂದು ಹೆದರಿ ನಿಂತೇಬಿಟ್ಟೆ.

"ಏ ಖೋಡಿ, ತಿರುಗು! ಕೈ ಹಿಡಿ!"

ತಿರುಗಿದೆ. ಅವ್ವ ಸೊಂಟದವರೆಗೆ ಬಾವಿಯೊಳಗಿದ್ದಳು. ಅಳುತ್ತಲೇ ಎಳೆದೆ. ಅವಳು ಹೇಗೋ ಮೇಲೆ ಬಂದಳು. ತಮ್ಮನ ಜ್ವರ ಇಳಿಯುವವರೆಗೆ ನಾನು ಯಾರ ಮುಖವನ್ನೂ ನೋಡಲಿಲ್ಲ.

ನೀವು ಆಮೇಲೆ ಹಾಕಿದ ಹಲಗೆಯೂ ಈಗ ಕೊಳೆತಿದೆ. ಬಳೆ ಇಡಲು ತಾಯಂದಿರು ಇನ್ನೂ ಅದರ ಮೇಲೆಯೇ ನಿಲ್ಲುತ್ತಾರೆ. ಬಾವಿಗೆ ಕಬ್ಬಿಣದ ಜಾಲರಿ ಏಕೆ ಹಾಕಿಲ್ಲವೆಂದು ಲಿಖಿತವಾಗಿ ಉತ್ತರಿಸಿ, ಈ ವಾರವೇ ಅದನ್ನು ಹಾಕಿಸಬೇಕೆಂದು ಕೋರುತ್ತೇನೆ.