ಹಸಿ ಬೆಟ್ಟ

ಅಸ್ಗರ್ ತಾಳೆಗರಿಯನ್ನು ತಾನು ಬರೆದ ಬೆಟ್ಟದ ನೆತ್ತಿಗೆ ಒತ್ತಿ ಬಲಕ್ಕೆ ಎಳೆದ. ಬೆಟ್ಟ ಗರಿಯ ಜೊತೆಯಲ್ಲೇ ಹೊರಟುಬಂತು.

ಕೈ ನಿಂತದ್ದು ಆಮೇಲೆ. ನಲವತ್ತು ವರ್ಷ ಚನ್ನಪಟ್ಟಣದ ಈ ಶೆಡ್ಡಿನಲ್ಲಿ ಬೊಂಬೆ ಕಡೆದ ಕೈ ಅದು. ಲೇತಿನಲ್ಲಿ ಗಿರಗಿರ ತಿರುಗುವ ಮರಕ್ಕೆ ಅರಗಿನ ಕಡ್ಡಿ ಹಿಡಿದರೆ ಬಣ್ಣ ಕರಗಿ ಕೂರುತ್ತದೆ, ಕೂತ ಗಳಿಗೆಯಲ್ಲೇ ಗಟ್ಟಿಯಾಗುತ್ತದೆ, ಮೇಲೊಂದು ಸಲ ತಾಳೆಗರಿ ಎಳೆದರೆ ಕನ್ನಡಿಯಂಥ ಹೊಳಪು. ಕೆಲಸ ಮುಗಿಯಿತು ಎನ್ನುವುದಕ್ಕೆ ಆ ಕೈಗೆ ಗೊತ್ತಿದ್ದ ಗುರುತು ಅದೊಂದೇ. ಎಣ್ಣೆಬಣ್ಣ ಒಣಗಲು ವಾರಗಟ್ಟಲೆ ಬೇಕು, ಮುಟ್ಟಬೇಡಿ ಎಂದು ಕ್ಯಾನ್‌ವಾಸು ತಂದುಕೊಟ್ಟ ರಮ್ಯಾ ಎರಡೆರಡು ಸಲ ಹೇಳಿ ಹೋಗಿದ್ದಳು. ತಲೆ ಕೇಳಿಸಿಕೊಂಡಿತ್ತು; ಕೈಗೆ ಯಾರೂ ಹೇಳಿರಲಿಲ್ಲ.

ರಮ್ಯಾ ಬಿಡದಿ ಹತ್ತಿರ ಹೊಸ ಹೋಟೆಲು ತೆರೆಯುತ್ತಿದ್ದಳು. ಶೆಡ್ಡಿನ ಬಾಗಿಲ ಮೇಲೆ ಅವನು ಬರೆದಿದ್ದ ಪುಟ್ಟ ಬೆಟ್ಟವನ್ನು ಕಂಡು, ಇದನ್ನೇ ದೊಡ್ಡದಾಗಿ ಬರೆದುಕೊಡಿ, ಹಿಡಿಸಿದರೆ ಹನ್ನೆರಡು ರೂಮಿಗೂ ನೀವೇ ಎಂದಿದ್ದಳು. ಬೊಂಬೆಗೆ ಗಿರಾಕಿಯಿಲ್ಲದೆ ಆರು ತಿಂಗಳಿಂದ ಲೇತು ತಿರುಗಿರಲಿಲ್ಲ; ಮಾರಲು ಒಪ್ಪಿಕೊಂಡಿದ್ದ. ಶುಕ್ರವಾರ ಅದನ್ನು ಕೊಂಡೊಯ್ಯಲು ಜನ ಬರುವವರಿದ್ದರು. ಚಿತ್ರ ಒಪ್ಪಿಗೆಯಾದರೆ ಅವರಿಗೆ ಬರಬೇಡಿ ಎನ್ನಬಹುದು. ರಮ್ಯಾ ನೋಡಲು ಬರುವುದು ಇವತ್ತೇ ಎಂದು ಹೆಂಡತಿ ಅಕ್ಬರಿ ಬೇಗಂ ಬೆಳಗಿನಿಂದ ಮೂರು ಸಲ ಇಣುಕಿ ಹೋಗಿದ್ದಳು.

ಮೊದಲು ಬಂದವನು ಪಕ್ಕದ ಮನೆಯ ದಾಸಪ್ಪ, ಎಂದಿನಂತೆ ಅಂಗೈಯಲ್ಲಿ ಬಾಯಿ ಮುಚ್ಚಿಕೊಂಡು. ದೇವಸ್ಥಾನದ ನಾದಸ್ವರದವನು. ಹೋದ ವರ್ಷ ಮುಂದಿನ ಎರಡು ಹಲ್ಲು ಬಿದ್ದ ಮೇಲೆ ವಾದ್ಯದ ತುದಿಯ ಪೀಪಿ ತುಟಿಯಲ್ಲಿ ನಿಲ್ಲದೆ ಊದುವುದು ನಿಂತಿತ್ತು. ಅದಕ್ಕೆ ಮುಂಚೆ ಬೆಳಿಗ್ಗೆ ಬೆಳಿಗ್ಗೆ ಅವನ ತೋಡಿ ರಾಗ ಗೋಡೆ ದಾಟಿ ಬರುತ್ತಿತ್ತು. ಅಸ್ಗರ್ ಲೇತು ನಿಲ್ಲಿಸಿ ಹಿತ್ತಲ ಬಾಗಿಲಲ್ಲಿ ಕೂರುತ್ತಿದ್ದ. ಆಚೆ ಕಾಣುವ ಬಂಡೆಬೆಟ್ಟ ಅವನ ಪಾಲಿಗೆ ಬೆಳಗಾಗುತ್ತಿದ್ದುದು ಆ ರಾಗದೊಳಗೇ. ಕ್ಯಾನ್‌ವಾಸಿನ ಮೇಲೆ ಹಿಡಿಯಹೊರಟದ್ದೂ ಅದನ್ನೇ. ದಾಸಪ್ಪ ದಿನಾ ಬಂದು ನೋಡುತ್ತಿದ್ದ, ದಿನಾ ಇಲ್ಲವೆಂದು ತಲೆಯಾಡಿಸಿಬಿಡುತ್ತಿದ್ದ. ನಿನ್ನೆಯಂತೂ ಬಾಯಿಬಿಟ್ಟೇ ಅಂದಿದ್ದ:

“ಏಳು ಸ್ವರಾನೂ ಇಸ್ಕೂಲ್ ಮಕ್ಕಳಂಗೆ ಸಾಲಾಗಿ ನಿಲ್ಲಿಸ್ಬುಟ್ಟಿದ್ದೀಯ ಕಣ್ಲಾ. ಒಂದರಿಂದ ಒಂದಕ್ಕೆ ಜಾರ್ಬೇಕು. ತೋಡಿ ಎಲ್ಲೈತೆ ಇದ್ರಲ್ಲಿ?”

ಮಾತು ಸುಳ್ಳಲ್ಲ. ಬೊಂಬೆಗೆ ಹಾಕುವ ಪಟ್ಟೆಗಳಂತೆ ನೀಲಿಯ ಮೇಲೆ ಕಂದು, ಕಂದಿನ ಮೇಲೆ ಕೆಂಪು, ಒಂದರ ಮೈ ಒಂದಕ್ಕೆ ತಾಕದೆ ಕೂತಿದ್ದವು. ನಿನ್ನೆಯವರೆಗೆ.

ಅಸ್ಗರ್ ಬಣ್ಣ ಮೆತ್ತಿದ ಗರಿಯನ್ನು ಬೆನ್ನ ಹಿಂದೆ ಸರಿಸಿದ. ದಾಸಪ್ಪ ಕ್ಯಾನ್‌ವಾಸಿನ ಹತ್ತಿರ ಹೋದ. ಅಂಗೈ ಬಾಯಿಯಿಂದ ತಾನಾಗಿ ಇಳಿಯಿತು.

“ಯಾವಾಗ ಮಾಡ್ದೆ ಇದ?”

“ಮಾಡ್ಲಿಲ್ಲ ದಾಸಪ್ಪಣ್ಣ, ಕೆಟ್ಟೋಯ್ತು. ಹಸಿ ಬಣ್ಣದ ಮೇಲೆ ಗರಿ ಎಳೆದ್ಬುಟ್ಟೆ.”

“ಒಸಿ ಸುಮ್ಕಿರ್ಲಾ. ಗಾಂಧಾರ ಅಲ್ಲಾಡ್ತಾ ಐತೆ.”

ಗರಿ ಎಳೆದ ಜಾಡಿನಲ್ಲಿ ನೆರಳಿನ ನೀಲಿ ಬಂಡೆಯ ಕೆಂಪಿನೊಳಕ್ಕೆ ಜಾರಿತ್ತು; ಪೂರ್ತಿ ಕೆಂಪೂ ಆಗದೆ, ನೀಲಿಯಲ್ಲೂ ಉಳಿಯದೆ ನಡುವೆ ನಡುಗುತ್ತಿತ್ತು, ತೋಡಿಯಲ್ಲಿ ಗಾಂಧಾರದ ಸ್ವರ ನಡುಗುವ ಹಾಗೆ. ದಾಸಪ್ಪ ಗಾಳಿಯಲ್ಲಿ ಬೆರಳಾಡಿಸಿದ, ಇಲ್ಲದ ವಾದ್ಯದ ತೂತುಗಳನ್ನು ಮುಚ್ಚಿ ತೆರೆದಂತೆ. ಮೆಲ್ಲಗೆ ಗುನುಗಿದ. ಹಲ್ಲಿನ ಸಂದಿಯಲ್ಲಿ ಅರ್ಧ ಗಾಳಿಯೇ ಬಂತು. ಆದರೂ ಒಂದು ವರ್ಷದ ಮೇಲೆ ಆ ಶೆಡ್ಡಿನಲ್ಲಿ ತೋಡಿ ಕೇಳಿತು. ಅಸ್ಗರ್ ಗರಿ ಹಿಡಿದುಕೊಂಡೇ ಕೂತುಬಿಟ್ಟ.

ಹೊರಗೆ ಕಾರು ನಿಂತ ಸದ್ದಿಗೆ ಗುನುಗು ನಿಂತಿತು. ರಮ್ಯಾ ಒಳಗೆ ಬಂದು ಚಿತ್ರದ ಮುಂದೆ ಸುಮಾರು ಹೊತ್ತು ನಿಂತಳು. ಕೋಪ ಮಾಡಿಕೊಳ್ಳಲಿಲ್ಲ. ಯಾರಾದರೂ ಒರಗಿಬಿಟ್ಟರಾ ಎಂದು ಕೇಳಿದಳಷ್ಟೆ.

“ಮಿಕ್ಕಿದ್ದೆಲ್ಲ ತುಂಬಾ ಚೆನ್ನಾಗಿದೆ ಅಸ್ಗರ್ ಭಾಯ್. ಇದೊಂದು ಕಡೆ ಒರೆಸಿದ ಹಾಗಾಗಿದೆ. ಕೆರೆದು ಅಕ್ಕಪಕ್ಕದ ಥರ ಪಟ್ಟೆ ಎಳೆದುಬಿಡಿ.”

ಹೋಟೆಲು ಶುರುವಾಗಲು ಇನ್ನೂ ಒಂದು ತಿಂಗಳಿದೆ, ಅವಸರವಿಲ್ಲ ಎಂದಳು. ಸರಿಮಾಡಿದ್ದರ ಫೋಟೋ ನಾಳೆ ಸಿಕ್ಕರೆ ಹನ್ನೆರಡು ರೂಮಿನ ಕೆಲಸವೂ ನಾಳೆಯೇ ಗಟ್ಟಿ ಎಂದಳು. ಹೀಗೆಯೇ ಇರಲಿ ಎಂದರೆ ಮಾತ್ರ ತನಗೆ ಬೇಡ. ಅದನ್ನೂ ನಗುತ್ತಲೇ ಹೇಳಿದಳು. ಒಳಬಾಗಿಲ ಪರದೆಯ ಹಿಂದೆ ಅಕ್ಬರಿ ಬೇಗಂಳ ಬಳೆ ಒಮ್ಮೆ ಸದ್ದಾಗಿ ಸುಮ್ಮನಾಯಿತು.

ಅಸ್ಗರ್ ಲೇತಿನ ಕಡೆ ನೋಡಿದ. ಅದರ ಮೇಲೆ ಹೊದಿಸಿದ್ದ ಗೋಣಿಚೀಲದ ಮೇಲೆ ದೂಳು ಕೂತಿತ್ತು. ದಾಸಪ್ಪನ ಕಡೆ ನೋಡಲಿಲ್ಲ.

ದಾಸಪ್ಪನೇ ಮುಂದೆ ಬಂದ. ಬೆಂಚಿನ ಮೇಲಿಂದ ಮರ ಕಡೆಯುವ ಉಳಿಯೊಂದನ್ನು ತೆಗೆದು, ಹಿಡಿಯನ್ನು ಅಸ್ಗರನ ಕಡೆ ತಿರುಗಿಸಿ ಚಾಚಿದ.

“ಕೆರ್ದಾಕ್ಲಾ. ತೋಡಿ ನಾನ್ ಕೇಳಿದ್ದಾಯ್ತು. ಲೇತ್ ಹೋದ್ರೆ ಏನ್ ಮಾಡೀಯ?”

ರಮ್ಯಾ ಎದುರಿಗಿದ್ದರೂ ಅವನು ಬಾಯಿ ಮುಚ್ಚಿಕೊಂಡಿರಲಿಲ್ಲ. ಹಲ್ಲಿಲ್ಲದ ಜಾಗ ಕಾಣುತ್ತಿತ್ತು.

ಉಳಿ ಅಲ್ಲೇ ಗಾಳಿಯಲ್ಲಿ ನಿಂತಿತ್ತು. ಅಸ್ಗರ್ ಕೈ ಮುಂದೆ ಮಾಡಲಿಲ್ಲ.

“ಇಲ್ಲ,” ಎಂದ. “ಹಿಂಗೇ ಒಣಗ್ಲಿ.”