ಹನ್ನೊಂದನೆಯ ಹೆಜ್ಜೆ

ಗೋಕುಲಾಷ್ಟಮಿಗೆ ಶಿಶುವಿಹಾರದ ಹತ್ತು ಮಕ್ಕಳೂ ಕಲಸಿದ ಅಕ್ಕಿಹಿಟ್ಟಿನಲ್ಲಿ ಮುಷ್ಟಿ ಅದ್ದಿ, ಬಾಗಿಲಿನಿಂದ ಕೃಷ್ಣನ ತೊಟ್ಟಿಲಿನವರೆಗೆ ತಲಾ ಒಂದೊಂದು ಪುಟ್ಟ ಹೆಜ್ಜೆ ಒತ್ತಿದರು. ಎಣಿಕೆ ಕಲಿಸಲು ವಾರಿಜ ಮಿಸ್ ಹೂಡಿದ ಆಟ ಅದು. ತೊಟ್ಟಿಲೂ ಅವರ ಮನೆಯದೇ. ಹೋದ ವರ್ಷ ಅದರಲ್ಲಿ ಅವರ ಕೂಸು ಮೂರೇ ತಿಂಗಳು ಮಲಗಿತ್ತು. ಆಮೇಲೆ ತೊಟ್ಟಿಲು ಅಟ್ಟ ಸೇರಿತ್ತು.

"ಎಷ್ಟಾಯ್ತು ಮೇದಿನಿ?"

"ಹನ್ನೊಂದು ಮಿಸ್."

"ನೀವಿರೋದೇ ಹತ್ತು ಜನ. ಇನ್ನೊಂದ್ಸಲ ಎಣಿಸು ಪುಟ್ಟಿ."

ಮೇದಿನಿ ಒಂದೊಂದನ್ನೂ ಮುಟ್ಟಿ ಎಣಿಸುತ್ತಾ ತೊಟ್ಟಿಲ ಬುಡದಲ್ಲಿ ನಿಂತಳು.

"ಹನ್ನೊಂದೇ ಮಿಸ್. ಇದೊಂದು ತಿರುಗಿಬಿಟ್ಟಿದೆ. ತೊಟ್ಟಿಲಿಂದ ನಿಮ್ಮ ಹತ್ರ ಬರ್ತಿದೆ."

"ಯಾರು ಉಲ್ಟಾ ಇಟ್ಟಿದ್ದು?" ಎಂದು ಗದರುತ್ತಾ ಮಿಸ್ ಅಳಿಸಲು ಬಗ್ಗಿದರು.

ಅದೊಂದರಲ್ಲಿ ಮಾತ್ರ ಮುಷ್ಟಿಯ ಗುರುತಿರಲಿಲ್ಲ. ಅಂಗಾಲಿನ ಎಳೆಯ ಗೆರೆಗಳಿದ್ದವು.