ಒಂದೇ ಕೊಡೆಯ ಕೆಳಗೆ ಇಬ್ಬರು ರಾಜರು

“ನಮ್ಮ ರಾಜರು ಸಾಯಕೂಡದು,” ಎಂದರು ಬೆಟ್ಟದ ಸಂಘದ ಅಧ್ಯಕ್ಷರು.

“ನಮ್ಮ ರಾಜರು ಬೆನ್ನಿಗೆ ಇರಿಯಕೂಡದು,” ಎಂದರು ಹೊಳೆಯ ಸಂಘದ ಅಧ್ಯಕ್ಷರು.

ಎಡಿಟಿಂಗ್ ಕೋಣೆಯಲ್ಲಿದ್ದ ಎರಡೇ ಎರಡು ಒಳ್ಳೆಯ ಕುರ್ಚಿಗಳಲ್ಲಿ ಇಬ್ಬರೂ ಆಸೀನರಾಗಿದ್ದರು. ಎಡಿಟರಮ್ಮನಿಗೆ ಸಿಕ್ಕಿದ್ದು ಕಾಲು ಅಲ್ಲಾಡುವ ಸ್ಟೂಲು. ಮುನ್ನೂರು ವರ್ಷಗಳ ಹಿಂದೆ ಹೊಳೆಯ ರಾಜ ಬೆಟ್ಟದ ರಾಜನನ್ನು ಹಿಂದಿನಿಂದ ಇರಿದು ಕೊಂದ ಎಂಬುದು ಸಿನಿಮಾದ ಕಥೆ. ಸತ್ತದ್ದು ಒಬ್ಬರಿಗೆ ಅವಮಾನ, ಕೊಂದದ್ದು ಇನ್ನೊಬ್ಬರಿಗೆ ಅವಮಾನ. ಎರಡು ಸಂಘದವರೂ ಸರದಿಯ ಮೇಲೆ ಚಿತ್ರಮಂದಿರದ ಗಾಜು ಒಡೆದಿದ್ದರು. ಸಿನಿಮಾ ನಿರ್ದೇಶಿಸಿದವನು ಎಡಿಟರಮ್ಮನ ಒಡಹುಟ್ಟಿದ ತಮ್ಮ. ಅವನ ಪ್ರತಿಕೃತಿ ಸುಟ್ಟವರು ಮುಂದಿನ ಸಲ ಅಸಲಿಯನ್ನೇ ಸುಡುತ್ತೇವೆ ಎಂದು ಹೇಳಿ ಹೋದಮೇಲೆ, ಇಪ್ಪತ್ತೆರಡು ದಿನಗಳಿಂದ ಅವನು ಪಕ್ಕದ ಡಬ್ಬಿಂಗ್ ಕೋಣೆಯಲ್ಲಿ ಅಡಗಿ ಕೂತಿದ್ದ. ಇಬ್ಬರು ಅಧ್ಯಕ್ಷರೂ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿದರೆ ಅವನು ಮನೆಗೆ ಹೋಗಬಹುದು, ಇಲ್ಲದಿದ್ದರೆ ಇಲ್ಲ. ಅಮ್ಮ ದಿನಕ್ಕೆ ಎರಡು ಸಲ ಫೋನ್ ಮಾಡಿ, “ಅವನು ಊಟ ಮಾಡಿದ್ನಾ?” ಎಂದು ಅಳುತ್ತಿದ್ದಳು. ಸಿನಿಮಾ ಎಕ್ಕುಟ್ಟಿ ಹೋಗಲಿ, ತಮ್ಮ ಮನೆ ಸೇರಲಿ ಎನ್ನುವ ಮಟ್ಟಕ್ಕೆ ಎಡಿಟರಮ್ಮ ಬಂದಿದ್ದಳು.

ಆದರೆ ಸಾಯುವುದನ್ನೂ ಇರಿಯುವುದನ್ನೂ ತೆಗೆದರೆ ಉಳಿಯುವುದು ಬರೀ ಕುದುರೆ. ಮತ್ತೆ ಚಿತ್ರೀಕರಿಸೋಣವೆಂದರೆ ಇಬ್ಬರು ನಟರೂ ಫೋನ್ ಎತ್ತುತ್ತಿರಲಿಲ್ಲ. ಕೊನೆಗೆ ಅವಳು ‘ಕಸ’ ಎಂದು ಹೆಸರಿಟ್ಟು ಮೂಲೆಗೆ ಹಾಕಿದ್ದ ತುಣುಕುಗಳನ್ನೆಲ್ಲ ಕೆದಕಿದಳು. ಊಟದ ಬಿಡುವಿನಲ್ಲಿ ಯಾರೋ ಪುಣ್ಯಾತ್ಮ ಕ್ಯಾಮೆರಾ ಆರಿಸುವುದನ್ನು ಮರೆತಿದ್ದ. ಸುಡುಬಿಸಿಲು, ಒಂದು ಬಂಡೆ, ಅದರ ಮೇಲೆ ಅರಮನೆಯ ದೃಶ್ಯಕ್ಕೆಂದು ತರಿಸಿದ್ದ ಜರಿಯಂಚಿನ ಕೊಡೆ ಹಿಡಿದು ಕೂತ ಇಬ್ಬರು ರಾಜರು. ಬೆಟ್ಟದ ರಾಜ ತನ್ನ ಅತ್ತೆಯ ಗೊರಕೆಯನ್ನು ಅಣಕಿಸಿ ತೋರಿಸುತ್ತಿದ್ದ. ಎಡಿಟರಮ್ಮ ಗೊರಕೆ ಅಳಿಸಿ ಕೊಳಲು ಸೇರಿಸಿದಳು. ಅವನ ಕೈಗಡಿಯಾರ ಅಳಿಸುವುದಕ್ಕೇ ಎರಡು ದಿನ ಹಿಡಿಯಿತು. ಈಗ ಆ ತುಣುಕೇ ಇಬ್ಬರು ಅಧ್ಯಕ್ಷರ ಮುಂದೆ ಓಡುತ್ತಿತ್ತು.

“ಏನು ಮಾತಾಡ್ತಿದಾರೆ ಇಲ್ಲಿ?” ಬೆಟ್ಟದ ಅಧ್ಯಕ್ಷರು ಪರದೆಯತ್ತ ಬಾಗಿದರು.

“ಸಂಧಾನ, ಸಾರ್. ಯುದ್ಧಾನೇ ಬೇಡ ಅಂತ.”

“ನೋಡಿ, ನಮ್ಮೋರ ಮುಖದಲ್ಲಿ ಎಂಥಾ ಗಾಂಭೀರ್ಯ!” ಎಂದರು ಅವರು. ಪರದೆಯ ಮೇಲೆ ಅವರ ರಾಜ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದ. ಮರುಕ್ಷಣವೇ ಅಧ್ಯಕ್ಷರ ಹುಬ್ಬು ಗಂಟಿಕ್ಕಿತು. “ಒಂದ್ನಿಮಿಷ. ಕೊಡೆ ಹಿಡಿದಿರೋದು ಯಾರಮ್ಮ?”

“ನಿಮ್ಮ ರಾಜರೇ, ಸಾರ್.”

“ಅಂದ್ರೆ? ಇವರ ರಾಜನಿಗೆ ನೆರಳು ಕೊಡೋ ಆಳಾ ನಮ್ಮ ರಾಜ?”

ಹೊಳೆಯ ಅಧ್ಯಕ್ಷರಿಗೆ ಸಿನಿಮಾ ಮೊದಲ ಬಾರಿಗೆ ಹಿಡಿಸಿತು. “ಇದ್ರಲ್ಲಿ ತಪ್ಪೇನಿದೆ? ಇತಿಹಾಸ ಇದ್ದ ಹಾಗೇ ಇರಬೇಕು,” ಎಂದು ಕಾಲ ಮೇಲೆ ಕಾಲು ಹಾಕಿದರು. ಅಷ್ಟರಲ್ಲಿ ಕೈ ಸೋತ ಬೆಟ್ಟದ ರಾಜ ಕೊಡೆಯನ್ನು ಪಕ್ಕದವನಿಗೆ ದಾಟಿಸಿದ. ಹೊಳೆಯ ಅಧ್ಯಕ್ಷರ ಕಾಲು ತಾನಾಗಿ ಕೆಳಗಿಳಿಯಿತು. “ಏನಿದು? ಎಷ್ಟು ಹೊತ್ತು ಹಿಡೀತಾರೆ ನಮ್ಮೋರು?”

ಎಡಿಟರಮ್ಮ ಇದಕ್ಕೆಲ್ಲ ತಯಾರಾಗಿಯೇ ಬಂದಿದ್ದಳು. “ಸೆಕೆಂಡಿಗೆ ಇಪ್ಪತ್ನಾಲ್ಕು ಫ್ರೇಮು, ಸಾರ್. ಅವರು ಸರಿಯಾಗಿ ಒಂದು ನಿಮಿಷ, ನಿಮ್ಮವರು ಸರಿಯಾಗಿ ಒಂದು ನಿಮಿಷ. ಇಬ್ಬರಿಗೂ ಸಾವಿರದ ನಾನ್ನೂರ ನಲವತ್ತು ಫ್ರೇಮು. ಒಂದು ಹೆಚ್ಚಿಲ್ಲ, ಒಂದು ಕಮ್ಮಿ ಇಲ್ಲ.”

“ಎಣಿಸಿ ತೋರಿಸಿ,” ಎಂದರು ಇಬ್ಬರೂ.

ಎಣಿಸಿ ತೋರಿಸಿದಳು. ಅಷ್ಟರಲ್ಲಿ ಒಂದೂವರೆ ಗಂಟೆ ಕಳೆಯಿತು. ಗೋಡೆಯಾಚೆ ತಮ್ಮ ಉಸಿರು ಬಿಗಿಹಿಡಿದು ಕೂತಿದ್ದಾನೆ ಎನ್ನುವುದು ನೆನಪಾದಾಗಲೆಲ್ಲ ಅವಳು ಎಣಿಕೆಯ ವೇಗ ಹೆಚ್ಚಿಸುತ್ತಿದ್ದಳು. ಅಂತೂ ಇಬ್ಬರು ಅಧ್ಯಕ್ಷರೂ ಕನ್ನಡಕ ಒರೆಸಿಕೊಂಡು, “ಹೂಂ, ಮುಂದೆ?” ಎಂದರು.

ಮುಂದಿದ್ದದ್ದು ರಣರಂಗ. ಸಾವಿರ ಜನರನ್ನು ಮಲಗಿಸಿ, ಮೂರು ದಿನ ಬಿಸಿಲಲ್ಲಿ ಬೆಂದು ತಮ್ಮ ತೆಗೆದಿದ್ದ ಶಾಟು ಅದು. ಸಿನಿಮಾದಲ್ಲಿ ಏನೆಲ್ಲ ಕತ್ತರಿಸಿದರೂ ಅದನ್ನು ಕತ್ತರಿಸಲು ಅವಳಿಗೆ ಕೈ ಬಂದಿರಲಿಲ್ಲ. ಅದು ಎಲ್ಲಿ ಬಂದು ಕೂತಿದೆ ಎನ್ನುವುದನ್ನು ಅವಳು ಗಮನಿಸಿದ್ದು ಈಗಲೇ. ಕೊಡೆಯ ಕೆಳಗೆ ಇಬ್ಬರು ರಾಜರು ಒಬ್ಬರ ಭುಜ ಒಬ್ಬರು ತಟ್ಟಿ ನಕ್ಕರು. ಆ ನಗು ಮುಗಿಯುವ ಮೊದಲೇ ಪರದೆಯ ತುಂಬ ಹೆಣ. ಬಾಯಿ ತೆರೆದ ಹೆಣ, ಮಣ್ಣು ಕಚ್ಚಿದ ಹೆಣ, ಒಂದರ ಮೇಲೊಂದು ಬಿದ್ದ ಹೆಣ, ಕಣ್ಣು ಹಾಯುವಷ್ಟು ದೂರ.

ಎಡಿಟರಮ್ಮ ಕುರ್ಚಿಗಳತ್ತ ತಿರುಗಿದಳು. ಮುಗಿಯಿತು, ಇವರು ಈಗ ಎದ್ದು ಹೋಗುತ್ತಾರೆ, ತಮ್ಮ ಇನ್ನು ಹೊರಗೆ ಬಂದ ಹಾಗೇ ಎಂದುಕೊಂಡಳು.

ಬೆಟ್ಟದ ಅಧ್ಯಕ್ಷರು ಪರದೆಯತ್ತ ಬೆರಳು ತೋರಿದರು. “ಇವರೆಲ್ಲ ಯಾರ ಕಡೆಯವರಮ್ಮ?”

“ಎರಡೂ ಕಡೆಯವರು, ಸಾರ್. ಬರೀ ಸಿಪಾಯಿಗಳು.”

“ಅದು ಗೊತ್ತಾಯ್ತು. ಇವರದ್ದು ಅಂತ ಸಂಘ ಏನಾದ್ರೂ ಇದೆಯಾ?”

“ಇಲ್ಲ, ಸಾರ್.”

ಅಧ್ಯಕ್ಷರಿಬ್ಬರೂ ಮುಖ ಮುಖ ನೋಡಿಕೊಂಡರು.

“ಹಾಗಾದ್ರೆ ಇರ್ಲಿ ಬಿಡಿ,” ಎಂದು ಬೆಟ್ಟದ ಅಧ್ಯಕ್ಷರು ಸಹಿ ಹಾಕಿ, ಪೆನ್ನನ್ನು ಹೊಳೆಯ ಅಧ್ಯಕ್ಷರಿಗೆ ದಾಟಿಸಿದರು.